ಬೆಂಗಳೂರಿನ ಪೂರ್ವನೋಟ: ಭೂದೃಶ್ಯಚಿತ್ರವೂ ಕಾಲಸಾಕ್ಷ್ಯವೂ

ಚರಿತ್ರಕಾರನು ಶಾಸನವೊಂದನ್ನು ಕೈಗೆತ್ತಿಕೊಂಡಾಗ ಮೊದಲು ಅದರ ಕಾಲವನ್ನು ನಿರ್ಣಯಿಸುತ್ತಾನೆ. ಬಯಲಿನಲ್ಲಿ ಕುಳಿತು ಬರೆದ ಭೂದೃಶ್ಯಚಿತ್ರವನ್ನು ಆಧಾರವಾಗಿ ಸ್ವೀಕರಿಸುವಾಗಲೂ ಇದೇ ಕ್ರಮವು ಅವಶ್ಯಕ. ಆದರೆ ಇಲ್ಲಿ ಕಾಲವು ಎರಡು ಬಗೆಯದು: ದೃಶ್ಯವು ಸೇರಿದ ವರ್ಷ ಒಂದು, ಅದರ ಮೇಲೆ ಬಿದ್ದ ಬೆಳಕಿನ ಹೊತ್ತು ಇನ್ನೊಂದು. ಒಂದೇ ಚಿತ್ರದಲ್ಲಿ ಇವೆರಡೂ ಸಮಾನವಾಗಿ ವಿಶ್ವಾಸಾರ್ಹವಾಗಿರುತ್ತವೆಂಬ ನಿಯಮವಿಲ್ಲ. ಬೆಂಗಳೂರಿನ ಕೆಲವು ನಿದರ್ಶನಗಳಿಂದ ಈ ವಿಷಯವನ್ನು ವಿವೇಚಿಸುವುದು ನಮ್ಮ ಉದ್ದೇಶ.

ಕ್ರಿ. ಶ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯವು ಕೋಲಾರ, ಹೊಸಕೋಟೆಗಳ ಮಾರ್ಗವಾಗಿ ಬಂದು, ಮಾರ್ಚ್ 21ರ ರಾತ್ರಿ ಬೆಂಗಳೂರು ಕೋಟೆಯನ್ನು ಹಿಡಿಯಿತು. ಆ ಯುದ್ಧಕಾಲದಲ್ಲಿ ವೃತ್ತಿಯಿಂದ ಚಿತ್ರಕಾರನಾದ ರಾಬರ್ಟ್ ಹೋಮ್, ಮೋಜಣಿಯಲ್ಲಿ ನುರಿತ ಕೋಲ್‌ಬ್ರೂಕ್, ಫಿರಂಗಿದಳದ ಜೇಮ್ಸ್ ಹಂಟರ್ ಮೊದಲಾದವರು ಮೈಸೂರು ರಾಜ್ಯದ ದೃಶ್ಯಗಳನ್ನು ಬರೆದರು. ಕೋಲ್‌ಬ್ರೂಕನ ಚಿತ್ರಗಳಲ್ಲಿ ಸೈಪ್ರಸ್ ತೋಟದೊಡನೆ ಕಾಣುವ ಬೆಂಗಳೂರಿನ ಪೂರ್ವನೋಟವೂ ಒಂದು. ಹಂಟರನು 1792ರಲ್ಲಿ ತೀರಿಕೊಂಡನು. ಅವನು ಸ್ಥಳದಲ್ಲೇ ಬರೆದ ನಲವತ್ತು ಚಿತ್ರಗಳು ಲಂಡನ್ನಿನಲ್ಲಿ ಅಚ್ಚಾದದ್ದು 1804-05ರಲ್ಲಿ. ತಾಮ್ರದ ಫಲಕವನ್ನು ಆಮ್ಲದಿಂದ ಕೊರೆದು ಅಚ್ಚೊತ್ತಿ, ಬಳಿಕ ಬಣ್ಣ ಹಚ್ಚುವುದು ಆಗಿನ ಪದ್ಧತಿ. ಆದ್ದರಿಂದ ಕೋಟೆಯ ಆಕಾರಕ್ಕೆ ಹಂಟರನು ಸಾಕ್ಷಿಯಾಗಬಹುದು. ಅಚ್ಚಿನಲ್ಲಿರುವ ಆಕಾಶದ ಬಣ್ಣಕ್ಕೆ ಅವನನ್ನು ಹೊಣೆಯಾಗಿಸಲಾಗದು. ಅಲ್ಲಿ ವರ್ಷವು ಉಳಿದಿದೆ, ಹೊತ್ತು ಅಳಿಸಿದೆ.

ಮುಂದಿನ ಕಾಲದಲ್ಲಿ ಚಿತ್ರಕಾರರ ಲಕ್ಷ್ಯವು ಹೊತ್ತಿನ ಕಡೆಗೇ ತಿರುಗಿತು. ಫ್ರಾನ್ಸಿನ ಮೋನೆ 1890-91ರಲ್ಲಿ ಒಂದೇ ಬಗೆಯ ಬಣವೆಗಳನ್ನು ಬೇರೆ ಬೇರೆ ಬೆಳಕಿನಲ್ಲಿ ಮತ್ತೆ ಮತ್ತೆ ಬರೆದನು. ನಮ್ಮ ಕೆ. ವೆಂಕಟಪ್ಪನವರು (1886-1965) ಉದಕಮಂಡಲದ ಜಲವರ್ಣಚಿತ್ರಗಳಲ್ಲಿ ಮಂಜು, ಮಳೆಮೋಡಗಳ ಕ್ಷಣಿಕ ಸ್ಥಿತಿಗಳನ್ನು ಹಿಡಿದರು. ನೆರಳು ಸರಿಯುತ್ತಿರುವಾಗ, ಬಣ್ಣ ಒಣಗುತ್ತಿರುವಾಗ ಚಿತ್ರಕಾರನು ನೋಡಿದ್ದರಲ್ಲಿ ಯಾವುದನ್ನು ಉಳಿಸಬೇಕೆಂದು ಒಡನೆಯೇ ನಿರ್ಧರಿಸಬೇಕಾಗುತ್ತದೆ. ರುಮಾಲೆ ಚನ್ನಬಸವಯ್ಯನವರು (1910-1988) ಬೆಂಗಳೂರಿನ ಹೂಮರಗಳನ್ನು ಬರೆದರು. ಹೂವು ತಾನೇ ಒಂದು ಪಂಚಾಂಗ: ಗುಲ್‌ಮೊಹರ್ ಕೆಂಪಾಗಿ ತುಂಬಿದ್ದರೆ ಅದು ಬೇಸಗೆಯೆಂದು ಹೇಳಬಹುದು. ಹೀಗೆ ಋತುವೆಂಬ ಮೂರನೆಯ ಕಾಲಸೂಚಿಯೂ ನಮಗೆ ದೊರೆಯುತ್ತದೆ.

ಈ ವಿಚಾರವು ಕೇವಲ ಕಲಾರಸಿಕರಿಗೆ ಬಿಡತಕ್ಕದ್ದಲ್ಲವೆಂಬುದಕ್ಕೆ ಮಾರತ್ತಹಳ್ಳಿಯ ಪರಿಸರವೇ ಪ್ರಮಾಣ. ಅದರ ಒಂದೆಡೆ ಬೆಳ್ಳಂದೂರು ಕೆರೆ, ಇನ್ನೊಂದೆಡೆ ವರ್ತೂರು ಕೆರೆ. ಮೊದಲನೆಯದರ ನೀರು ಎರಡನೆಯದಕ್ಕೆ ಹರಿದು ಮುಂದೆ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. 1940ರಲ್ಲಿ ಸಮೀಪದಲ್ಲಿ ವಿಮಾನ ಕಾರ್ಖಾನೆ ಸ್ಥಾಪಿತವಾಯಿತು. ಅನಂತರ ಹೊರವರ್ತುಲ ರಸ್ತೆಯೂ ಎತ್ತರದ ಕಟ್ಟಡಗಳೂ ಬಂದು ಹಳ್ಳಿಯು ನಗರದೊಳಗೆ ಸೇರಿತು. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿದ್ದು ಲೋಕವಿದಿತ. ಕೆರೆಯ ವಿಸ್ತೀರ್ಣವನ್ನು ಕಂದಾಯ ದಾಖಲೆ ಹೇಳೀತು. ಅದರ ಏರಿಯ ಮೇಲೆ ನಿಂತವನಿಗೆ ಮುಂಜಾನೆ ಏನು ಕಾಣುತ್ತಿತ್ತೆಂಬುದನ್ನು ಅದು ಹೇಳಲಾರದು.

ಆದುದರಿಂದ ವಿದ್ಯಾರ್ಥಿಗಳು ಗ್ರಂಥಾಲಯದೊಡನೆ ಕೆರೆಯ ಏರಿಗೂ ಹೋಗಬೇಕು. ನುರಿತ ಕೈ ಇಲ್ಲದಿದ್ದರೂ ಬಾಧಕವಿಲ್ಲ. ಕಂಡದ್ದನ್ನು ಬರೆದು, ಹಾಳೆಯ ಹಿಂಬದಿಯಲ್ಲಿ ತಾರೀಖು, ಹೊತ್ತು, ನಿಂತ ಸ್ಥಳ, ನೋಡಿದ ದಿಕ್ಕು, ಈ ನಾಲ್ಕನ್ನು ನಮೂದಿಸಿದರೆ ಸಾಕು. ಅಷ್ಟು ಮಾಡಿದ ಸಾಮಾನ್ಯ ಚಿತ್ರವೂ, ತಾರೀಖಿಲ್ಲದ ಸುಂದರ ಚಿತ್ರಕ್ಕಿಂತ ಮುಂದಿನ ಚರಿತ್ರಕಾರನಿಗೆ ಹೆಚ್ಚು ಉಪಕಾರಿಯಾಗುವುದು.