ಸೇಲಂ–ಧರ್ಮಪುರಿ ಸೀಮೆಯ ಮಣ್ಣಿನ ಕಸುಬು

ಚರಿತ್ರೆಯೆಂದೊಡನೆ ನಮ್ಮ ಮನಸ್ಸು ಅರಸರ ವಂಶಾವಳಿಯತ್ತ, ಶಾಸನಗಳತ್ತ, ಕೋಟೆಕೊತ್ತಲಗಳತ್ತ ಹರಿಯುವುದು ಸಹಜ. ಆದರೆ ಶಾಸನಗಳು ಹುಟ್ಟುವುದಕ್ಕೆ ಮೊದಲಿನ ಕಾಲವನ್ನು ಅಳೆಯಬೇಕಾದಾಗ ವಿದ್ವಾಂಸರು ಮೊರೆಹೋಗುವುದು ಮಡಕೆಯ ಚೂರಿಗೆ. ಕಬ್ಬಿಣ ತುಕ್ಕು ಹಿಡಿದು ಸವೆಯುತ್ತದೆ, ಮರವನ್ನು ಗೆದ್ದಲು ತಿನ್ನುತ್ತದೆ, ಬಟ್ಟೆ ನಾಲ್ಕು ಮಳೆಗಾಲಕ್ಕೆ ಮಣ್ಣಾಗುತ್ತದೆ. ಬೆಂಕಿಯನ್ನು ಕಂಡ ಮಣ್ಣು ಮಾತ್ರ ಮತ್ತೆ ಮಣ್ಣಾಗುವುದಿಲ್ಲ. ಹೀಗೆ ಕಾಲದ ಲೆಕ್ಕವನ್ನು ಕಾದಿಟ್ಟ ಮಡಕೆಯನ್ನು ಕುರಿತು ಗ್ರಂಥಗಳು ಬಹಳ. ಅದನ್ನು ಮಾಡಿದವನ ಜೀವನೋಪಾಯವನ್ನು ಕುರಿತು ಬರೆದವರು ವಿರಳ. ನಮ್ಮ ಸೀಮೆಯ ಕುಂಬಾರನು ತನ್ನ ಸರಕನ್ನು ಯಾರಿಗೆ, ಯಾವ ಕ್ರಮದಲ್ಲಿ ಕೊಟ್ಟು ಬದುಕಿದನೆಂಬುದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ನಮ್ಮ ಸೀಮೆಯೆಂದರೆ ಹಳೆಯ ಸೇಲಂ ಜಿಲ್ಲೆ. ೧೯೬೫ರ ಅಕ್ಟೋಬರ್ ೨ರಂದು ಅದರಿಂದ ಧರ್ಮಪುರಿ ಜಿಲ್ಲೆ ಬೇರೆಯಾಯಿತು. ೨೦೦೪ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ಧರ್ಮಪುರಿಯ ಪ್ರಾಚೀನ ನಾಮ ತಗಡೂರು. ಸಂಘಕಾಲದಲ್ಲಿ ಅದಿಯಮಾನರು ಆಳಿದ ಈ ಊರಿನಲ್ಲಿ ೯ನೆಯ ಶತಮಾನದ ಹೊತ್ತಿಗೆ ನೊಳಂಬ ಮಹೇಂದ್ರನ ಕನ್ನಡ ಶಾಸನಗಳು ನಿಂತವು. ಅಂದಿನಿಂದ ಇಂದಿನವರೆಗೆ ಇಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಒಂದೇ ಸಂತೆಯಲ್ಲಿ ವ್ಯವಹರಿಸುತ್ತ ಬಂದಿವೆ. ೧೯೫೬ರಲ್ಲಿ ರಾಜ್ಯಗಳ ಗಡಿ ಗೊತ್ತಾದಾಗ ಹೊಸೂರು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಆದರೆ ಮಡಕೆಯ ಗಾಡಿಗಳಿಗೆ ಆ ಗೆರೆ ಅಷ್ಟಾಗಿ ಕಾಣಲಿಲ್ಲ.

ಈ ನೆಲದಲ್ಲಿ ಮಣ್ಣಿನ ಕೆಲಸ ಎಷ್ಟು ಹಳೆಯದು? ಭಾರತದ ಪ್ರಾಗಿತಿಹಾಸ ಸಂಶೋಧನೆಗೆ ತಳಹದಿ ಹಾಕಿದ ರಾಬರ್ಟ್ ಬ್ರೂಸ್ ಫುಟ್ ಎಂಬ ಭೂವಿಜ್ಞಾನಿ ತನ್ನ ನಿವೃತ್ತಿಯ ದಿನಗಳನ್ನು ಸೇಲಂ ಮೇಲಣ ಏರ್ಕಾಡಿನಲ್ಲಿ ಕಳೆದವನು. ಅವನು ಕೂಡಿಸಿದ್ದ ಕಲ್ಲಿನ ಆಯುಧಗಳನ್ನೂ ಮಣ್ಣಿನ ಪಾತ್ರೆಗಳನ್ನೂ ೧೯೦೪ರಲ್ಲಿ ಮದರಾಸು ವಸ್ತುಸಂಗ್ರಹಾಲಯಕ್ಕೆ ಕೊಳ್ಳಲಾಯಿತು. ಶೇರ್ವರಾಯನ ಬೆಟ್ಟಗಳಲ್ಲಿ ದೊರೆತ ಸುಟ್ಟ ಮಣ್ಣಿನ ಪುಟ್ಟ ಸ್ತ್ರೀಪ್ರತಿಮೆಗಳೂ ಆ ಸಂಗ್ರಹದಲ್ಲಿ ಸೇರಿದ್ದವು. ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈಯ ಅಗೆತದ ಕಾಲನಿರ್ಣಯವನ್ನು ತಮಿಳುನಾಡು ಸರ್ಕಾರ ೨೦೨೨ರಲ್ಲಿ ಪ್ರಕಟಿಸಿ, ಅಲ್ಲಿ ಕ್ರಿ. ಪೂ. ೨೧೭೨ರ ಹೊತ್ತಿಗೇ ಕಬ್ಬಿಣದ ಬಳಕೆಯಿದ್ದಿತೆಂದು ಸಾರಿತು. ಪತ್ರಿಕೆಗಳು ಕಬ್ಬಿಣವನ್ನೇ ಕೊಂಡಾಡಿದವು. ಕಪ್ಪು–ಕೆಂಪು ಮಡಕೆಗಳು ನವಶಿಲಾಯುಗದ ಕೊನೆಗಾಲದಲ್ಲಿಯೇ ಅಲ್ಲಿ ಬಳಕೆಗೆ ಬಂದಿದ್ದವೆಂಬ ಮಾತು ಹಿಂದೆ ಬಿದ್ದಿತು. ಗಾಳಿ ತಗಲಿದಲ್ಲಿ ಮಣ್ಣೊಳಗಿನ ಕಬ್ಬಿಣದ ಅಂಶ ಕೆಂಪಾಗುತ್ತದೆ. ಗಾಳಿ ತಪ್ಪಿ ಹೊಗೆ ಕವಿದಲ್ಲಿ ಕಪ್ಪಾಗುತ್ತದೆ. ಒಂದೇ ಮಡಕೆಯ ಬಾಯನ್ನು ಕಪ್ಪಾಗಿಯೂ ಬುಡವನ್ನು ಕೆಂಪಾಗಿಯೂ ತೆಗೆದವನಿಗೆ ಬೆಂಕಿಯ ಗುಣ ಚೆನ್ನಾಗಿಯೇ ತಿಳಿದಿದ್ದಿರಬೇಕು.

ಕಸುಬಿನ ಮಾತುಗಳೂ ಈ ಪ್ರಾಚೀನತೆಗೆ ಸಾಕ್ಷಿ. ಕನ್ನಡದ ತಿಗುರಿ, ತಮಿಳಿನ ತಿರಿಗೈ – ಎರಡೂ ತಿರುಗುವ ಚಕ್ರವನ್ನೇ ಹೇಳುತ್ತವೆ. ತಮಿಳಿನ ಪಾನೈಗೂ ನಮ್ಮ ಬಾನಿಗೂ ದೂರವೇನಿಲ್ಲ. ಮಡಕೆ, ಗಡಿಗೆ, ಕುಡಿಕೆ, ಮೊಗೆ, ಗುಡಾಣ, ವಾಡೆ, ಹಣತೆ – ಒಂದೊಂದು ಹೆಸರಿಗೂ ಒಂದೊಂದು ಆಕಾರ, ಒಂದೊಂದು ಕೆಲಸ. ಪಾತ್ರೆ ಹೋದರೆ ಹೆಸರೂ ಹೋಗುತ್ತದೆ. ವಾಡೆಯಲ್ಲಿ ರಾಗಿ ತುಂಬುವುದನ್ನು ಕಾಣದ ಮಕ್ಕಳಿಗೆ ಆ ಪದವನ್ನು ನಿಘಂಟಿನಿಂದಲೇ ಕಲಿಸಬೇಕಾಗಿದೆ.

ಇನ್ನು ಜೀವನೋಪಾಯದ ವಿಚಾರ. ೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪುಸುಲ್ತಾನನು ಬಾರಾಮಹಲನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟ ಮೇಲೆ, ಕ್ಯಾಪ್ಟನ್ ರೀಡನೂ ಅವನ ಸಹಾಯಕನಾಗಿ ಥಾಮಸ್ ಮನ್ರೋವೂ ಇಲ್ಲಿಯ ಭೂಮಿಯನ್ನು ಅಳೆದು ಕಂದಾಯ ಗೊತ್ತುಮಾಡಿದರು. ಅವರು ಕಂಡ ಹಳ್ಳಿ ಎಂತಹುದು? ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು ೧೮೧೦ರಲ್ಲಿ ಪ್ರಕಟಿಸಿದ ಚರಿತ್ರೆಯಲ್ಲಿ ಹನ್ನೆರಡು ಆಯಗಾರರ ಪಟ್ಟಿಯನ್ನು ಕೊಟ್ಟಿರುವನು. ಗೌಡ, ಶಾನುಭೋಗ, ತಳವಾರ, ನೀರಗಂಟಿ, ಕಮ್ಮಾರ, ಬಡಗಿ ಮೊದಲಾದವರ ಜೊತೆಯಲ್ಲಿ ಕುಂಬಾರನೂ ಇದ್ದಾನೆ. ೧೮೦೦–೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ನನು, ಕಣದಲ್ಲಿ ಧಾನ್ಯದ ರಾಶಿಯನ್ನು ಹಂಚುವಾಗ ಸರ್ಕಾರದ ಪಾಲನ್ನೂ ರೈತನ ಪಾಲನ್ನೂ ಅಳೆಯುವ ಮೊದಲೇ ಇಂತಹ ಊರಾಳುಗಳಿಗೆ ಸಲ್ಲಬೇಕಾದ ಮೊರದಷ್ಟು, ಸೇರಿನಷ್ಟು ಧಾನ್ಯವನ್ನು ಎತ್ತಿಡುತ್ತಿದ್ದ ಕ್ರಮವನ್ನು ವಿವರಿಸಿರುವನು.

ಈ ಕ್ರಮದಲ್ಲಿ ಮಡಕೆಗೆ ಬೆಲೆಯೆಂಬುದೇ ಇರಲಿಲ್ಲವೆನ್ನಬಹುದು. ಬೆಲೆ ಇದ್ದುದು ಕುಂಬಾರನಿಗೆ. ವರ್ಷವಿಡೀ ಊರಿಗೆ ಬೇಕಾದ ಪಾತ್ರೆಯನ್ನು ಅವನು ಕೊಡಬೇಕು. ಮದುವೆಗೆ ಅರಿವೇಣಿ, ಹಬ್ಬಕ್ಕೆ ಹಣತೆ, ಸತ್ತಾಗ ಕೊಳ್ಳಿಯ ಗಡಿಗೆ ಎಲ್ಲವೂ ಅವನ ಮನೆಯಿಂದಲೇ ಬರಬೇಕು. ಪ್ರತಿಯಾಗಿ ಕಣದಲ್ಲಿ ಅವನ ಪಾಲು ನಿಶ್ಚಿತ. ಅದಕ್ಕಿಂತಲೂ ಮುಖ್ಯವಾದುದು, ಊರ ಕೆರೆಯ ಜೇಡಿಮಣ್ಣನ್ನು ತೆಗೆಯುವ ಹಕ್ಕು ಮತ್ತು ಆವಿಗೆಗೆ ಬೇಕಾದ ಪುಳ್ಳೆ, ಮುಳ್ಳುಗಳನ್ನು ಗೋಮಾಳದಿಂದ ತರುವ ಹಕ್ಕು. ಬೇಸಗೆಯಲ್ಲಿ ಕೆರೆ ಒಣಗಿದಾಗ ಕುಂಬಾರನು ಹೂಳು ತೆಗೆದರೆ ಅವನಿಗೆ ವರ್ಷದ ಮಣ್ಣು, ಊರಿಗೆ ಕೆರೆಯ ಆಳ. ಒಬ್ಬನ ಲಾಭ ಇನ್ನೊಬ್ಬನ ನಷ್ಟವಾಗದ ವ್ಯವಹಾರ ಇದು.

ಹಾಗೆಂದು ಆ ಕಾಲವನ್ನು ಸ್ವರ್ಗವೆಂದು ಬಣ್ಣಿಸುವುದು ನಮ್ಮ ಉದ್ದೇಶವಲ್ಲ. ಪಾಲು ನಿಶ್ಚಿತವಾಗಿದ್ದಂತೆ ಕುಂಬಾರನ ಸ್ಥಾನವೂ ನಿಶ್ಚಿತವಾಗಿದ್ದಿತು. ಮೇಲಕ್ಕೆ ಹೋಗಲು ದಾರಿಯಿರಲಿಲ್ಲ. ಪಲ್ಲವರ ತಾಮ್ರಶಾಸನಗಳಲ್ಲಿ ‘ಕುಶಕ್ಕಾಣಂ’ ಎಂಬ ಹೆಸರಿನಲ್ಲಿ ಕುಂಬಾರರ ಮೇಲಣ ತೆರಿಗೆ ಕಾಣುತ್ತದೆ. ಕಂಪನಿಯ ಕಾಲದಲ್ಲಿ ಕಸುಬುದಾರರ ಮೇಲೆ ಮೊಹತರ್ಫ ತೆರಿಗೆಯಿದ್ದಿತು. ಮಳೆ ತಪ್ಪಿದ ವರ್ಷ ಕಣವೇ ಬರಿದು. ಮಳೆ ಹೆಚ್ಚಾದ ವರ್ಷ ಹಸಿ ಮಡಕೆ ಒಣಗದು, ಆವಿಗೆ ಉರಿಯದು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ಸುಮ್ಮನೆ ಹುಟ್ಟಿದುದಲ್ಲ.

ಕಣದ ಪಾಲು ಕುಗ್ಗಿದಂತೆಲ್ಲ ಕುಂಬಾರನು ಸಂತೆಗೆ ಇಳಿದನು. ಕಂದಾಯವನ್ನು ನಾಣ್ಯದಲ್ಲಿ ಕೊಡಬೇಕಾದ ರೈತನು ರಾಶಿಯಲ್ಲಿ ಪಾಲೆತ್ತಿಡಲು ಹಿಂದುಮುಂದು ನೋಡಿದನು. ಆಗ ಹುಲ್ಲು ಹಾಸಿ ಮಡಕೆ ಹೇರಿದ ಗಾಡಿಗಳು ವಾರದ ಸಂತೆಗಳಿಗೂ ಜಾತ್ರೆಗಳಿಗೂ ಹೊರಟವು. ಹೊಸೂರಿನ ಚಂದ್ರಚೂಡೇಶ್ವರನ ತೇರು, ಹೊಗೆನಕಲ್ಲಿನ ಆಡಿ ಹದಿನೆಂಟು, ಸೇಲಂ ಕೋಟೆ ಮಾರಿಯಮ್ಮನ ಆಡಿ ಹಬ್ಬ – ಇಂತಹ ಜನಜಂಗುಳಿಯಲ್ಲಿ ಗಿರಾಕಿಯು ಮಡಕೆಯನ್ನು ಬೆರಳಿನಿಂದ ತಟ್ಟಿ, ನಾದ ಕೇಳಿ ಕೊಳ್ಳುವನು. ಪೊಂಗಲಿಗೆ ಹೊಸ ಪಾನೈ, ಕಾರ್ತಿಕಕ್ಕೆ ಹಣತೆ, ನವರಾತ್ರಿಗೆ ಬೊಂಬೆ. ವರ್ಷದ ವ್ಯಾಪಾರವೆಲ್ಲ ಈ ಕೆಲವು ವಾರಗಳಲ್ಲಿ ಮುಗಿಯಬೇಕು. ಸಂತೆಯಲ್ಲಿ ಒಡೆದ ಮಡಕೆ ಕುಂಬಾರನ ನಷ್ಟ. ಕಣದ ಕ್ರಮದಲ್ಲಿ ಈ ಭಯವಿರಲಿಲ್ಲ.

ಸಂತೆಯ ನಂತರ ಬಂದುದು ವಸ್ತುಪ್ರದರ್ಶನ. ಮದರಾಸಿನಲ್ಲಿ ೧೮೫೦ರಲ್ಲಿ ಕಲಾಶಾಲೆಯನ್ನು ತೆರೆದ ವೈದ್ಯ ಅಲೆಕ್ಸಾಂಡರ್ ಹಂಟರನು ದಕ್ಷಿಣದ ಮಣ್ಣುಗಳನ್ನು ಪರೀಕ್ಷಿಸಿ ಪಿಂಗಾಣಿಯ ಪ್ರಯೋಗಗಳನ್ನು ನಡೆಸಿದನು. ೧೮೫೫ರಲ್ಲಿ ಅಲ್ಲಿ ದೊಡ್ಡ ಪ್ರದರ್ಶನವೂ ನಡೆಯಿತು. ಬಳಕೆಗೆಂದು ಮಾಡಿದ ವಸ್ತು ನೋಟಕ್ಕೆಂದು ಮೇಜಿನ ಮೇಲೆ ಕುಳಿತುದು ಇಂತಹ ಪ್ರದರ್ಶನಗಳಿಂದಲೇ. ವಿಪರ್ಯಾಸವೆಂದರೆ, ಮಡಕೆಯನ್ನು ಅಡಿಗೆಮನೆಯಿಂದ ಹೊರದೂಡಿದ ಲೋಹವೂ ಅದೇ ಶಾಲೆಯಿಂದಲೇ ಹೊರಟಿತು. ೧೮೯೮ರಲ್ಲಿ ಆಲ್ಫ್ರೆಡ್ ಚಾಟರ್ಟನ್ ಅಲ್ಲಿ ಅಲ್ಯೂಮಿನಿಯಂ ಪಾತ್ರೆಗಳ ತಯಾರಿಕೆಯನ್ನು ಆರಂಭಿಸಿದನು. ಮುಂದೆ ಸೇಲಂನಲ್ಲಿ ಕೈಮಗ್ಗದ ಕಾರ್ಖಾನೆಯನ್ನು ನಡೆಸಿ, ೧೯೧೨ರಲ್ಲಿ ಮೈಸೂರಿನ ಕೈಗಾರಿಕೆಗಳ ಮುಖ್ಯಸ್ಥನಾದವನೂ ಇವನೇ. ಇನ್ನೂ ಕೌತುಕದ ಸಂಗತಿಯುಂಟು. ೧೯೬೫ರಲ್ಲಿ ಮೆಟ್ಟೂರಿನಲ್ಲಿ ಮದರಾಸ್ ಅಲ್ಯೂಮಿನಿಯಂ ಕಂಪನಿ ಉತ್ಪಾದನೆ ತೊಡಗಿದಾಗ ಅದಕ್ಕೆ ಬಾಕ್ಸೈಟ್ ಅದಿರು ಬಂದುದು ಶೇರ್ವರಾಯನ ಬೆಟ್ಟದಿಂದ. ಮಣ್ಣಿನ ಪ್ರತಿಮೆಗಳನ್ನು ಕೊಟ್ಟ ಬೆಟ್ಟವೇ ಮಡಕೆಯ ಪ್ರತಿಸ್ಪರ್ಧಿಗೂ ಅದಿರನ್ನು ಕೊಟ್ಟಿತು. ಆ ಲೋಹದ ಕುಲುಮೆಯೂ ೨೦೦೮ರಲ್ಲಿ ಆರಿತು. ಆದರೆ ಅಷ್ಟರೊಳಗೆ ಅಡಿಗೆಮನೆಯಲ್ಲಿ ಮಡಕೆಯ ಜಾಗ ಹೋಗಿದ್ದಿತು.

ಸ್ವಾತಂತ್ರ್ಯಾನಂತರ ಕೈಕಸುಬುಗಳಿಗೆ ಆಸರೆಯಾಗಿ ನಿಂತವರಲ್ಲಿ ಅಗ್ರಗಣ್ಯರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು. ೧೯೫೨ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಲಿಯನ್ನು ಅವರು ಮುನ್ನಡೆಸಿದರು. ಅದೇ ವರ್ಷ, ಜಪಾನಿನಲ್ಲಿ ವಿದ್ಯೆ ಕಲಿತು ಬಂದಿದ್ದ ಗುರುಚರಣ್ ಸಿಂಗ್ ದೆಹಲಿಯಲ್ಲಿ ತಮ್ಮ ನೀಲಿ ಕುಂಬಾರಿಕೆಯ ಕೇಂದ್ರವನ್ನು ತೆರೆದರು. ೧೯೭೧ರಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ದಂಪತಿಗಳು ಪುದುಚೇರಿಯಲ್ಲಿ ಗೋಲ್ಡನ್ ಬ್ರಿಜ್ ಪಾಟರಿಯನ್ನು ಕಟ್ಟಿದರು. ವಿದ್ಯಾವಂತರು ಸ್ವಂತ ಚಕ್ರ, ಸ್ವಂತ ಕುಲುಮೆ ಇಟ್ಟುಕೊಂಡು ಕೆಲಸಮಾಡುವ ಸಣ್ಣ ಸ್ಟುಡಿಯೋಗಳು ದಕ್ಷಿಣದಲ್ಲಿ ಹಬ್ಬಿದುದು ಮುಖ್ಯವಾಗಿ ಈ ಕೇಂದ್ರದ ಪ್ರಭಾವದಿಂದ. ೧೯೭೩ರಲ್ಲಿ ತಮಿಳುನಾಡಿನ ಕರಕುಶಲ ನಿಗಮ ಹುಟ್ಟಿತು. ಅದರ ಪೂಂಪುಹಾರ್ ಮಳಿಗೆ ಸೇಲಂನಲ್ಲಿಯೂ ಉಂಟು. ದೆಹಲಿಯಿಂದ ಬೆಂಗಳೂರಿನವರೆಗೆ ಕರಕುಶಲ ಮೇಳಗಳು ವರ್ಷವರ್ಷವೂ ನಡೆಯತೊಡಗಿದವು.

ಈ ಮೇಳಗಳಲ್ಲಿ ಇಂದು ಎರಡು ಬಗೆಯ ಮಣ್ಣಿನ ಕೆಲಸದವರು ಅಕ್ಕಪಕ್ಕದಲ್ಲಿ ಕುಳಿತಿರುತ್ತಾರೆ. ಹಳ್ಳಿಯ ಕುಂಬಾರನ ಪಾತ್ರೆಯನ್ನು ಬಯಲಿನ ಆವಿಗೆಯಲ್ಲಿ ಸುಮಾರು ೭೦೦ರಿಂದ ೯೦೦ ಡಿಗ್ರಿ ಶಾಖದಲ್ಲಿ ಸುಡುತ್ತಾರೆ. ಅದರ ಮೈ ಸಡಿಲ, ರಂಧ್ರಮಯ. ಆದುದರಿಂದಲೇ ನೀರು ಸ್ವಲ್ಪ ಜಿನುಗಿ, ಆರಿ, ಒಳಗಿನ ನೀರನ್ನು ತಂಪಾಗಿಸುತ್ತದೆ. ಒಲೆಯ ಉರಿಯನ್ನೂ ತಡೆಯುತ್ತದೆ. ಸ್ಟುಡಿಯೋದ ಸ್ಟೋನ್‌ವೇರ್ ಬಟ್ಟಲು ಎರಡು ಸಲ ಬೆಂಕಿ ಕಾಣುತ್ತದೆ. ಮೊದಲು ೯೦೦–೧೦೦೦ ಡಿಗ್ರಿಯಲ್ಲಿ, ಮೇಲೆ ಗಾಜಿನಂತಹ ಲೇಪವನ್ನು ಹಚ್ಚಿ ೧೨೦೦ ಡಿಗ್ರಿಗೂ ಮೇಲೆ. ಅದು ಗಟ್ಟಿ, ನೀರು ಜಿನುಗದು. ಆದರೆ ನೇರ ಉರಿಯ ಮೇಲಿಟ್ಟರೆ ಬಿರಿಯುತ್ತದೆ. ಒಂದು ಒಲೆಯದು, ಒಂದು ಊಟದ ಮೇಜಿನದು. ಒಂದನ್ನು ಇನ್ನೊಂದರ ಬೆಲೆಯಿಂದ ಅಳೆಯುವುದು ನ್ಯಾಯವಲ್ಲ. ಸ್ಟುಡಿಯೋದವರ ಕಷ್ಟವೂ ಸಾಮಾನ್ಯವಲ್ಲ. ಮಳಿಗೆಯ ಬಾಡಿಗೆ, ಸಾಗಣೆ, ಒಡಕು, ಕುಲುಮೆಯಲ್ಲಿ ಸೀಳಿ ಹೋದುದು – ಇವೆಲ್ಲವನ್ನೂ ಮಾರಾಟವಾದ ಪಾತ್ರೆಯೇ ಹೊರಬೇಕು. ಆದರೂ ಒಂದು ವ್ಯತ್ಯಾಸವುಂಟು. ಅವರು ಮಣ್ಣನ್ನು ಚೀಲದಲ್ಲಿ ಕೊಳ್ಳಬಲ್ಲರು. ಮಾರುವ ಬೆಲೆಯಲ್ಲಿ ಅದನ್ನು ಸೇರಿಸಬಲ್ಲರು. ಹತ್ತಾರು ರೂಪಾಯಿಯ ಗಡಿಗೆ ಮಾರುವವನಿಗೆ ಅದು ಸಾಧ್ಯವಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯದಲ್ಲಿ, ಕುಂಬಾರನ ಇಂದಿನ ಸಮಸ್ಯೆ ಮಾರುಕಟ್ಟೆಯ ಸಮಸ್ಯೆಗಿಂತ ಮೊದಲು ಮಣ್ಣಿನ ಸಮಸ್ಯೆ. ಮೇಳ ಎಷ್ಟೇ ದೊಡ್ಡದಾಗಲಿ, ಕೆರೆಯಿಲ್ಲದ ಊರಿನಲ್ಲಿ ತಿಗುರಿ ತಿರುಗದು. ಬೆಂಗಳೂರಿನ ಸಂಪಂಗಿ ಕೆರೆಯನ್ನು ನೋಡಿರಿ. ಕರಗದ ಉತ್ಸವದಲ್ಲಿ ಹಸಿ ಕರಗಕ್ಕೆ ಸಂಬಂಧಪಟ್ಟ ಆ ಕೆರೆಯ ಬಹುಭಾಗ ಕ್ರೀಡಾಂಗಣವಾಗಿ, ಆಚರಣೆಗೆ ಒಂದು ಪುಟ್ಟ ಕೊಳ ಮಾತ್ರ ಉಳಿದಿದೆ. ಆಚರಣೆಗೆ ಒಂದು ಕೊಳ ಸಾಕು, ಕಸುಬಿಗೆ ಸಾಲದು. ಕೆರೆಮಣ್ಣಿಗೆ ಇಟ್ಟಿಗೆಯ ಗೂಡುಗಳೂ ಕಾದಿರುತ್ತವೆ. ಯಂತ್ರ ಒಂದು ದಿನ ತೋಡುವಷ್ಟು ಮಣ್ಣು ಕುಂಬಾರನಿಗೆ ವರ್ಷಗಳಿಗೆ ಆದೀತು. ೨೦೨೪ರಲ್ಲಿ ತಮಿಳುನಾಡು ಸರ್ಕಾರ, ಕೆರೆಕುಂಟೆಗಳ ಹೂಳನ್ನು ರೈತರೂ ಕುಂಬಾರರೂ ಶುಲ್ಕವಿಲ್ಲದೆ ಒಯ್ಯಲು ತಹಸೀಲ್ದಾರರ ಮಟ್ಟದಲ್ಲಿಯೇ ಅನುಮತಿ ದೊರೆಯುವಂತೆ ಮಾಡಿತು. ಇದು ಹೊಸ ದಾನವಲ್ಲ. ಹನ್ನೆರಡು ಆಯಗಾರರ ಕಾಲದಲ್ಲಿದ್ದ ಹಕ್ಕಿನ ಒಂದು ಅಂಶ ಹಿಂದಿರುಗಿದುದು.

ಈ ಹಕ್ಕು ಕಾಗದದಿಂದ ಕೆರೆಯಂಗಳಕ್ಕೆ ಇಳಿಯುವಂತೆ ನೋಡಿಕೊಳ್ಳುವುದು ಊರಿನವರ ಕೆಲಸ. ಅರ್ಜಿ ಬರೆಯಬಲ್ಲವರು ಬರೆದುಕೊಡಬೇಕು. ಹೂಳು ತೆಗೆಯುವ ದಿನ ಯಂತ್ರಕ್ಕಿಂತ ಮೊದಲು ಕುಂಬಾರನ ಗಾಡಿಗೆ ದಾರಿ ಬಿಡಬೇಕು. ನಮ್ಮ ಸಂಘಗಳು ಮಾಡಬಹುದಾದ ಇನ್ನೊಂದು ಕೆಲಸವೂ ಉಂಟು. ಹೊಸೂರು, ಡೆಂಕಣಿಕೋಟೆ, ಧರ್ಮಪುರಿಗಳ ಹಳ್ಳಿಗಳಲ್ಲಿ ಉಳಿದಿರುವ ಹಿರಿಯ ಕುಂಬಾರರ ಬಾಯಿಂದ ಪಾತ್ರೆಗಳ, ಉಪಕರಣಗಳ, ಮಣ್ಣಿನ ಬಗೆಗಳ ಹೆಸರುಗಳನ್ನು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಬರೆದಿಡುವುದು. ನೊಳಂಬರ ಶಾಸನಗಳನ್ನು ಕಲ್ಲು ಕಾಪಾಡಿದೆ. ಈ ಮಾತುಗಳಿಗೆ ಕಲ್ಲಿನ ಆಸರೆಯಿಲ್ಲ. ಆವಿಗೆ ಆರಿದ ಊರಿನಲ್ಲಿ ಅವನ್ನು ಮತ್ತೆ ಕೇಳಲು ಯಾರೂ ಸಿಗಲಾರರು.