ಕಣ್ಣುಗೂಡಿನ ಮರುರಚನೆ: ಕೋಡಿಂಗ್ ಮತ್ತು ಬಿಲ್ಲಿಂಗ್

ಅಪಘಾತ, ಗಡ್ಡೆ, ಸೋಂಕು ಅಥವಾ ಹುಟ್ಟಿನಿಂದ ಬಂದ ಊನದಿಂದ ಕೆಟ್ಟ ಕಣ್ಣುಗೂಡನ್ನು ಸರಿಪಡಿಸುವ ಶಸ್ತ್ರಕ್ರಿಯೆಯನ್ನು ಗೊತ್ತಾದ ಸಂಕೇತಗಳಲ್ಲಿ ದಾಖಲಿಸಿ, ಅದರ ಆಧಾರದ ಮೇಲೆ ವಿಮಾದಾರರಿಂದ ಹಣ ಪಡೆಯುವ ಕ್ರಮ. ಇದು ಹೆಚ್ಚು ವಿವರವಾಗಿ ಬೆಳೆದಿರುವುದು ಅಮೆರಿಕದಲ್ಲಿ. ಅಲ್ಲಿನ ಆಸ್ಪತ್ರೆಗಳ ಕಡತಗಳಿಗೆ ಕೋಡ್ ಹಾಕುವ ಕೆಲಸ ಬೆಂಗಳೂರು, ಚೆನ್ನೈ, ಹೈದರಾಬಾದುಗಳಲ್ಲೂ ನಡೆಯುತ್ತದೆ.

ರಚನೆ ಮತ್ತು ಗಾಯ

ಕಣ್ಣುಗೂಡು ಏಳು ಮೂಳೆಗಳು ಕೂಡಿ ಆದದ್ದು. ವಯಸ್ಕರಲ್ಲಿ ಅದರ ಗಾತ್ರ ಸುಮಾರು 30 ಮಿಲಿಲೀಟರ್. ಅಂಚು ಗಟ್ಟಿ, ನೆಲ ಮತ್ತು ಮೂಗಿನ ಕಡೆಯ ಗೋಡೆ ಬಹಳ ತೆಳು. ಚೆಂಡು ಅಥವಾ ಮುಷ್ಟಿ ಬಡಿದಾಗ ಅಂಚು ಉಳಿದು ನೆಲ ಮಾತ್ರ ಒಡೆಯಬಹುದು. ಆಗ ಕಣ್ಣಿನ ಸುತ್ತಲಿನ ಕೊಬ್ಬು, ಕೆಲವೊಮ್ಮೆ ಸ್ನಾಯುವೂ, ಕೆಳಗಿನ ಸೈನಸ್ಸಿಗೆ ಜಾರುತ್ತದೆ. 1957ರಲ್ಲಿ ಸ್ಮಿತ್ ಮತ್ತು ರೀಗನ್ ಇದನ್ನು 'ಬ್ಲೋಔಟ್' ಮುರಿತವೆಂದು ಕರೆದರು. ನೋಟ ಎರಡಾಗುವುದು, ಕಣ್ಣು ಒಳಸೇರುವುದು, ಕೆನ್ನೆ ಮರಗಟ್ಟುವುದು ಇದರ ಲಕ್ಷಣಗಳು. ಸಿಕ್ಕಿಕೊಂಡದ್ದನ್ನು ಮೇಲೆತ್ತಿ, ಒಡೆದ ನೆಲದ ಮೇಲೆ ಟೈಟಾನಿಯಂ ಜಾಲರಿ, ಪಾಲಿಎಥಿಲೀನ್ ಹಾಳೆ ಅಥವಾ ರೋಗಿಯದೇ ಮೂಳೆಯ ತುಂಡನ್ನು ಹೊದಿಸುತ್ತಾರೆ. ಮುರಿದದ್ದು ಯಾವ ಗೋಡೆ, ಅಲ್ಲಿಗೆ ಹೋದ ದಾರಿ ಯಾವುದು, ಅಲ್ಲಿ ಇಟ್ಟದ್ದೇನು ಎಂಬ ಮೂರು ಪ್ರಶ್ನೆಗಳ ಮೇಲೆ ಕೋಡೂ ನಿಂತಿದೆ.

ಸಂಕೇತ ಪದ್ಧತಿಗಳು

ವೈದ್ಯರು ಮಾಡಿದ ಕೆಲಸಕ್ಕೆ ಸಿಪಿಟಿ ಕೋಡುಗಳಿವೆ. ಅಮೆರಿಕನ್ ಮೆಡಿಕಲ್ ಅಸೋಸಿಯೇಶನ್ ಇವನ್ನು 1966ರಲ್ಲಿ ಮೊದಲು ಪ್ರಕಟಿಸಿತು. ಈಗ ಪ್ರತಿವರ್ಷ ಪರಿಷ್ಕರಿಸುತ್ತದೆ. ಕೆಲಸ ಏಕೆ ಬೇಕಾಯಿತು ಎಂಬುದಕ್ಕೆ ಐಸಿಡಿ-10-ಸಿಎಂ ಕೋಡುಗಳು. ಅಮೆರಿಕದಲ್ಲಿ ಇವು 2015ರ ಅಕ್ಟೋಬರ್ 1ರಿಂದ ಜಾರಿಯಲ್ಲಿವೆ. ಕೃತಕ ಕಣ್ಣಿನಂಥ ಸಾಮಗ್ರಿಗಳಿಗೆ ಎಚ್‌ಸಿಪಿಸಿಎಸ್ ಎಂಬ ಪಟ್ಟಿ ಬೇರೆ ಇದೆ.

ರೋಗನಿದಾನದ ಕೋಡು

ಕಣ್ಣುಗೂಡಿನ ನೆಲದ ಮುರಿತಕ್ಕೆ ಎಸ್02.3. ಬಲಗಡೆಯಾದರೆ ಎಸ್02.31, ಎಡಗಡೆಯಾದರೆ ಎಸ್02.32. ಛಾವಣಿಗೆ ಎಸ್02.12, ಮೂಗಿನ ಕಡೆಯ ಗೋಡೆಗೆ ಎಸ್02.83, ಹೊರಗೋಡೆಗೆ ಎಸ್02.84.

ತಪ್ಪು ಹೆಚ್ಚಾಗಿ ಆಗುವುದು ಏಳನೆಯ ಅಕ್ಷರದಲ್ಲಿ. 'ಎ' ಎಂದರೆ ಮೊದಲ ಭೇಟಿ ಎಂದು ಹೊಸಬರು ತಿಳಿಯುತ್ತಾರೆ. ನಿಜಕ್ಕೆ ಅದರ ಅರ್ಥ, ಚರ್ಮ ಒಡೆಯದ ಮುರಿತಕ್ಕೆ ಮುಖ್ಯ ಚಿಕಿತ್ಸೆ ಇನ್ನೂ ನಡೆಯುತ್ತಿದೆ ಎಂದು. ಬೇಸ್‌ಬಾಲ್ ತಗುಲಿ ಬಲಗಣ್ಣಿನ ಗೂಡಿನ ನೆಲ ಒಡೆದವರಿಗೆ ಊತ ಇಳಿಯಲೆಂದು ಹತ್ತು ದಿನ ಕಾದು ಶಸ್ತ್ರಕ್ರಿಯೆ ಮಾಡಿದರೂ ಕೋಡು ಎಸ್02.31ಎಕ್ಸ್‌ಎ. ನಡುವಿನ 'ಎಕ್ಸ್' ಖಾಲಿ ಜಾಗ ತುಂಬಲು ಮಾತ್ರ. ಚೆಂಡಿನ ಸಂಗತಿ ಹೇಳಲು ಡಬ್ಲ್ಯು21.03ಎಕ್ಸ್‌ಎ ಸೇರುತ್ತದೆ. ಶಸ್ತ್ರಕ್ರಿಯೆಯ ನಂತರ ಗಾಯ ಮಾಯುವ ಹಂತದ ತಪಾಸಣೆಗೆ 'ಡಿ'. ಎರಡು ವರ್ಷದ ಮೇಲೆ ಕಣ್ಣು ಒಳಸೇರಿದೆಯೆಂದು ಅವರೇ ಮರಳಿ ಬಂದರೆ, ಗಾಯದಿಂದ ಕಣ್ಣು ಒಳಸೇರಿದ್ದಕ್ಕೆ ಇರುವ ಎಚ್05.421 ಮೊದಲು ಬರಬೇಕು. ಹಳೆಯ ಮುರಿತ 'ಎಸ್' ಅಕ್ಷರ ಹೊತ್ತು ಅದರ ಹಿಂದೆ ನಿಲ್ಲುತ್ತದೆ.

ಮುರಿತದ ಶಸ್ತ್ರಕ್ರಿಯೆ

ನೆಲದ ಬ್ಲೋಔಟ್ ಮುರಿತವನ್ನು ತೆರೆದು ಸರಿಪಡಿಸಲು ಐದು ಸಿಪಿಟಿ ಕೋಡುಗಳಿವೆ.

21385: ಮೇಲ್ದವಡೆಯ ಸೈನಸ್ಸಿನ ಮೂಲಕ, ಕಾಲ್ಡ್‌ವೆಲ್-ಲೂಕ್ ಮಾದರಿಯಲ್ಲಿ.
21386: ಕಣ್ಣಿನ ಸುತ್ತಲಿನ ದಾರಿಯಿಂದ.
21387: ಎರಡೂ ದಾರಿ ಸೇರಿಸಿ.
21390: ಕಣ್ಣಿನ ಸುತ್ತಲಿನ ದಾರಿಯಿಂದ, ಇಂಪ್ಲಾಂಟ್ ಇಟ್ಟು.
21395: ಅದೇ ದಾರಿಯಿಂದ, ಮೂಳೆಯ ನಾಟಿ ಮಾಡಿ.

ಬ್ಲೋಔಟ್ ಅಲ್ಲದ ಮುರಿತಗಳನ್ನು ತೆರೆದು ಸರಿಪಡಿಸಿದರೆ 21406, ಇಂಪ್ಲಾಂಟ್ ಇದ್ದರೆ 21407, ಮೂಳೆನಾಟಿ ಇದ್ದರೆ 21408. 21395 ಮತ್ತು 21408ರಲ್ಲಿ ಮೂಳೆ ತೆಗೆಯುವ ಕೆಲಸವೂ ಸೇರಿದೆ. ಸೊಂಟದಿಂದ ತೆಗೆದರೂ ತಲೆಬುರುಡೆಯಿಂದ ತೆಗೆದರೂ ಅದಕ್ಕೆ ಬೇರೆ ಬಿಲ್ಲಿಲ್ಲ.

ಆಪರೇಶನ್ ನೋಟಿನ ಶೀರ್ಷಿಕೆ ನೋಡಿ ಕೋಡ್ ಹಾಕುವಂತಿಲ್ಲ. ಶೀರ್ಷಿಕೆಯಲ್ಲಿ 'ಇಂಪ್ಲಾಂಟ್ ಸಹಿತ ದುರಸ್ತಿ' ಎಂದಿದ್ದು, ಒಳಗಿನ ವಿವರಣೆಯಲ್ಲಿ ಹಾಳೆ ಇಟ್ಟ ಮಾತೇ ಇಲ್ಲದಿದ್ದರೆ 21390ಕ್ಕೆ ಆಧಾರವಿಲ್ಲ. ಕೋಡರ್ ಊಹಿಸಿಕೊಂಡು ತುಂಬಬಾರದು. ವೈದ್ಯರಿಗೆ ಲಿಖಿತ ಪ್ರಶ್ನೆ ಕಳುಹಿಸಬೇಕು. ಬರೆಯದ ಕೆಲಸ ಮಾಡದ ಕೆಲಸ ಎಂಬುದು ಈ ವೃತ್ತಿಯ ಮೊದಲ ಪಾಠ.

ಕಣ್ಣು ಕಳೆದುಕೊಂಡ ಗೂಡು

ಕಣ್ಣುಗುಡ್ಡೆಯ ಒಳಭಾಗವನ್ನಷ್ಟೇ ತೆಗೆದರೆ 65091 ಅಥವಾ 65093. ಇಡೀ ಗುಡ್ಡೆಯನ್ನು ತೆಗೆದರೆ 65101, 65103 ಅಥವಾ 65105: ಇಂಪ್ಲಾಂಟ್ ಇಟ್ಟರೇ, ಇಟ್ಟದ್ದಕ್ಕೆ ಸ್ನಾಯುಗಳನ್ನು ಹೊಲಿದರೇ ಎಂಬುದರ ಮೇಲೆ ಆಯ್ಕೆ. ಗೂಡಿನಲ್ಲಿರುವುದನ್ನೆಲ್ಲ ತೆಗೆಯುವ ಶಸ್ತ್ರಕ್ರಿಯೆಗೆ 65110ರಿಂದ 65114.

ಗೊಂದಲ ಹುಟ್ಟಿಸುವುದು 'ಇಂಪ್ಲಾಂಟ್' ಎಂಬ ಪದ. ಕಣ್ಣಿನ ಸ್ನಾಯುಗಳು ಕೂಡಿ ಆಗುವ ಶಂಕುವಿನ ಒಳಗೆ ಇಟ್ಟದ್ದು ಸಿಪಿಟಿಯ ಪ್ರಕಾರ ನೇತ್ರ ಇಂಪ್ಲಾಂಟ್. ಹೊರಗೆ ಇಟ್ಟದ್ದು ಕಣ್ಣುಗೂಡಿನ ಇಂಪ್ಲಾಂಟ್, ಅದಕ್ಕೆ ಕೋಡು 67550. ಇವೆರಡೂ ಒಳಗೆ ಹುದುಗಿರುವಂಥವು. ಹೊರಗೆ ಕಾಣುವ, ತೆಗೆದು ತೊಳೆಯಬಹುದಾದ ಕೃತಕ ಕಣ್ಣು ಮೂರನೆಯದು. ಅಳತೆಗೆ ಮಾಡಿದ ಪ್ಲಾಸ್ಟಿಕ್ ಕಣ್ಣಿಗೆ ವಿ2623. ಅದು ನಿಲ್ಲಲು ರೆಪ್ಪೆಯ ಹಿಂದೆ ಜಾಗ ಸಾಲದೆ, ಬಾಯಿಯ ಒಳಪೊರೆ ತಂದು ಕಸಿ ಮಾಡಿದರೆ 68328.

90 ದಿನಗಳ ಲೆಕ್ಕ

ಇಂಥ ದೊಡ್ಡ ಶಸ್ತ್ರಕ್ರಿಯೆಗಳಿಗೆ ಅಮೆರಿಕ ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರ್ 90 ದಿನಗಳ ಅವಧಿ ಇಟ್ಟಿದೆ. ಹಿಂದಿನ ದಿನ ಮತ್ತು ಶಸ್ತ್ರಕ್ರಿಯೆಯ ದಿನ ಸೇರಿ 92 ದಿನ. ಆ ನಡುವಿನ ಸಾಮಾನ್ಯ ಆರೈಕೆಗೆ ಪ್ರತ್ಯೇಕ ಹಣವಿಲ್ಲ. ಭಿನ್ನ ಸಂದರ್ಭಗಳನ್ನು ಹೇಳುವುದು ಸಿಪಿಟಿ ಕೋಡಿನ ಕೊನೆಗೆ ಸೇರಿಸುವ ಮಾಡಿಫೈಯರ್. ಶಸ್ತ್ರಕ್ರಿಯೆ ಬೇಕೆಂದು ನಿರ್ಧರಿಸಿದ್ದು ಹಿಂದಿನ ದಿನದ ಅಥವಾ ಅದೇ ದಿನದ ತಪಾಸಣೆಯಲ್ಲಾದರೆ ಅದಕ್ಕೆ 57. ಮೊದಲೇ ಯೋಜಿಸಿದ್ದ ಎರಡನೆಯ ಹಂತಕ್ಕೆ 58. ರಕ್ತಸ್ರಾವವಾಗಿ ಮತ್ತೆ ಥಿಯೇಟರಿಗೆ ಒಯ್ದರೆ 78. ಸಂಬಂಧವಿಲ್ಲದ ಬೇರೆ ಶಸ್ತ್ರಕ್ರಿಯೆಗೆ 79. 58ರಿಂದ 90 ದಿನ ಹೊಸದಾಗಿ ಶುರುವಾಗುತ್ತದೆ, 78ರಿಂದ ಇಲ್ಲ. ಬಲ-ಎಡಕ್ಕೆ ಆರ್‌ಟಿ ಮತ್ತು ಎಲ್‌ಟಿ.

ಒಟ್ಟಿಗೆ ಬಿಲ್ ಮಾಡಬಾರದ ಜೋಡಿ ಕೋಡುಗಳನ್ನು 1996ರಿಂದ ಎನ್‌ಸಿಸಿಐ ಎಂಬ ಪಟ್ಟಿ ತಡೆಯುತ್ತದೆ. ಕೆಲವು ಜೋಡಿಗಳಲ್ಲಿ 59ನೇ ಮಾಡಿಫೈಯರ್ ಹಾಕಿ ಈ ತಡೆ ದಾಟಬಹುದು. ಆದರೆ ಎರಡು ಕೆಲಸಗಳು ನಿಜಕ್ಕೂ ಬೇರೆಬೇರೆ ಎಂದು ದಾಖಲೆ ತೋರಿಸಬೇಕು.

ಕ್ಲೇಮು ಮತ್ತು ನಿರಾಕರಣೆ

ವೈದ್ಯರ ಕ್ಲೇಮು ಸಿಎಂಎಸ್-1500 ನಮೂನೆಯಲ್ಲಿ, ಆಸ್ಪತ್ರೆಯದು ಯುಬಿ-04ರಲ್ಲಿ ಹೋಗುತ್ತದೆ. ಸಿಎಂಎಸ್-1500ರಲ್ಲಿ 12 ರೋಗನಿದಾನಗಳಿಗೂ ಆರು ಸೇವೆಗಳಿಗೂ ಜಾಗವಿದೆ. ಯಾವ ಸೇವೆ ಯಾವ ರೋಗಕ್ಕೆ ಎಂದು ಸಾಲುಸಾಲಾಗಿ ಜೋಡಿಸಬೇಕು. ಸೌಂದರ್ಯಕ್ಕಾಗಿ ಮಾಡಿದ ಶಸ್ತ್ರಕ್ರಿಯೆಗೆ ಮೆಡಿಕೇರ್ ಹಣ ಕೊಡುವುದಿಲ್ಲ. ಅಪಘಾತದ ಗಾಯವನ್ನು ಬೇಗ ಸರಿಪಡಿಸಲು ಮತ್ತು ಊನಗೊಂಡ ಅಂಗದ ಕಾರ್ಯ ಸುಧಾರಿಸಲು ಕೊಡುತ್ತದೆ. ಆದ್ದರಿಂದ ತಡವಾಗಿ ಮಾಡಿದ ಮರುರಚನೆಗೆ ಸಿ.ಟಿ. ಸ್ಕ್ಯಾನ್, ಕಣ್ಣು ಒಳಸೇರಿದ ಅಳತೆ, ನೋಟ ಎಷ್ಟು ಎರಡಾಗುತ್ತದೆ ಎಂಬ ಪರೀಕ್ಷೆ ಕಡತದಲ್ಲಿರುವುದು ಅಗತ್ಯ. ಮೆಡಿಕೇರ್ ಕ್ಲೇಮು ಸೇವೆಯ ದಿನದಿಂದ ಒಂದು ವರ್ಷದೊಳಗೆ ಹೋಗಬೇಕು. ನಿರಾಕರಿಸಿದರೆ ಮೊದಲ ಮೇಲ್ಮನವಿಗೆ 120 ದಿನ.

ಭಾರತದಲ್ಲಿ

2018ರ ಸೆಪ್ಟೆಂಬರ್ 23ರಂದು ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆ ಪ್ಯಾಕೇಜ್ ದರದ ಮೇಲೆ, ಅಂದರೆ ಒಂದು ಚಿಕಿತ್ಸೆಗೆ ಒಟ್ಟಾಗಿ ಗೊತ್ತುಪಡಿಸಿದ ದರದ ಮೇಲೆ, ನಿಂತಿದೆ. ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ. ಕರ್ನಾಟಕದಲ್ಲಿ ಇದು ಆರೋಗ್ಯ ಕರ್ನಾಟಕದೊಂದಿಗೆ ಸೇರಿದ್ದು, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಡೆಸುತ್ತದೆ. 2021ರಲ್ಲಿ ಕೋವಿಡ್ ಬೆನ್ನಿಗೇ ಬಂದ ಕಪ್ಪು ಶಿಲೀಂಧ್ರ ಸೋಂಕಿನಿಂದ ಇಡೀ ಕಣ್ಣುಗೂಡನ್ನೇ ಬರಿದು ಮಾಡಬೇಕಾದ ರೋಗಿಗಳು ಇಲ್ಲಿಯೂ ಇದ್ದರು. ಪ್ಯಾಕೇಜ್ ಪದ್ಧತಿಯಲ್ಲಿ ಕೋಡುಗಳ ಕವಲು ಕಡಿಮೆ. ಆದರೂ ಸ್ಕ್ಯಾನ್, ಚಿತ್ರಗಳು ಮತ್ತು ಆಪರೇಶನ್ ನೋಟು ಒಂದೇ ಮಾತು ಹೇಳದಿದ್ದರೆ ಹಣ ಇಲ್ಲಿಯೂ ತಡೆಯುತ್ತದೆ.