ಲಿಪ್ ಲಿಫ್ಟ್ ಶಸ್ತ್ರಚಿಕಿತ್ಸೆ: ಯಾರಿಗೆ ಸರಿ, ಯಾರಿಗೆ ಬೇಡ

ಮೂಗಿನ ಬುಡಕ್ಕೂ ಮೇಲ್ದುಟಿಯ ಕೆಂಪು ಅಂಚಿಗೂ ನಡುವೆ ಇರುವ ಚರ್ಮದ ಒಂದು ಪಟ್ಟಿಯನ್ನು ಕತ್ತರಿಸಿ ತೆಗೆದು, ಉಳಿದ ಅಂಚುಗಳನ್ನು ಕೂಡಿಸಿ ಹೊಲಿಯುವ ಸೌಂದರ್ಯ ಶಸ್ತ್ರಚಿಕಿತ್ಸೆಗೆ ಲಿಪ್ ಲಿಫ್ಟ್ ಎನ್ನುತ್ತಾರೆ. ಮೂಗಿನಡಿಯ ಅಂತರ ಕಡಿಮೆಯಾಗುವುದು, ತುಟಿಯ ಕೆಂಪು ಭಾಗ ಹೆಚ್ಚು ಕಾಣುವುದು, ಬಾಯಿ ಸ್ವಲ್ಪ ತೆರೆದಿರುವಾಗ ಮೇಲಿನ ಬಾಚಿಹಲ್ಲುಗಳ ತುದಿ ಹೊರಗೆ ತೋರುವುದು ಇದರ ಫಲ. ಬ್ರೆಜಿಲ್‌ನ ಕಾರ್ಡೋಸೊ ಮತ್ತು ಸ್ಪೆರ್ಲಿ 1971ರಲ್ಲಿ ಇದನ್ನು ವೈದ್ಯಕೀಯ ಜಗತ್ತಿನ ಮುಂದಿಟ್ಟರು. ಮೂಗಿನ ಹೊಳ್ಳೆಗಳ ತಳವನ್ನು ಅನುಸರಿಸಿ ಎತ್ತಿನ ಕೊಂಬಿನ ಆಕಾರದಲ್ಲಿ ಕೊಯ್ಯುವ ಬುಲ್‌ಹಾರ್ನ್ ವಿಧಾನ ಇಂದು ಹೆಚ್ಚು ಬಳಕೆಯಲ್ಲಿದೆ. ಬಾಯಿಯ ಮೂಲೆಗಳನ್ನಷ್ಟೇ ಎತ್ತುವ ವಿಧಾನವೂ, ಕೆಂಪು ಅಂಚಿನ ಗೆರೆಯಲ್ಲೇ ಕೊಯ್ಯುವ ವಿಧಾನವೂ ಇವೆ. ಎರಡನೆಯದರಲ್ಲಿ ಕಲೆ ತುಟಿಯ ಅಂಚಿನಲ್ಲೇ ಉಳಿಯುವುದರಿಂದ ಅದನ್ನು ಆಯ್ದುಕೊಳ್ಳುವವರು ಕಡಿಮೆ. ಸ್ಥಳೀಯ ಅರಿವಳಿಕೆ ಕೊಟ್ಟು ಒಂದು ತಾಸಿನ ಆಸುಪಾಸಿನಲ್ಲಿ ಮುಗಿಸಬಹುದಾದ ಕೆಲಸವಾದ್ದರಿಂದ ಇದನ್ನು ಸಣ್ಣ ಚಿಕಿತ್ಸೆ ಎಂದು ಪರಿಚಯಿಸುವುದುಂಟು. ಗಾಯ ಸಣ್ಣದು ನಿಜ, ಆದರೆ ತೆಗೆದ ಚರ್ಮವನ್ನು ಮತ್ತೆ ಇಡಲು ಬರುವುದಿಲ್ಲ. ಆದ್ದರಿಂದ ಇದರ ನಿರ್ಧಾರವನ್ನು ಆಸೆಯ ತೀವ್ರತೆಯಿಂದ ಅಳೆಯದೆ ಮಿಲಿಮೀಟರುಗಳಿಂದ ಅಳೆಯಬೇಕು ಎನ್ನುವುದು ಈ ಲೇಖನದ ವಾದ.

ಈ ಚಿಕಿತ್ಸೆ ಸರಿಪಡಿಸುವುದು ಉದ್ದವನ್ನು. ಹರೆಯದ ಹೆಂಗಸರಲ್ಲಿ ಮೂಗಿನ ಬುಡದಿಂದ ಕೆಂಪು ಅಂಚಿನವರೆಗಿನ ದೂರ ಸುಮಾರು 12ರಿಂದ 15 ಮಿ.ಮೀ. ಇರುತ್ತದೆ, ಗಂಡಸರಲ್ಲಿ ಇನ್ನೂ ಸ್ವಲ್ಪ ಹೆಚ್ಚು. ವಯಸ್ಸಾದಂತೆ ಮೇಲ್ದುಟಿ ತನ್ನ ತುಂಬುತನ ಕಳೆದುಕೊಂಡು ಕೆಳಕ್ಕೆ ಇಳಿಯುತ್ತದೆ. ವಿಗ್ ಮತ್ತು ಬ್ರುಂಡೊ ಎಂಬ ದಂತವೈದ್ಯ ಸಂಶೋಧಕರು 1978ರಲ್ಲಿ ಪ್ರಕಟಿಸಿದ ಅಳತೆಗಳು ಇಂದಿಗೂ ಉಲ್ಲೇಖಗೊಳ್ಳುತ್ತವೆ. ತುಟಿ ಸಡಿಲವಾಗಿರುವಾಗ 30 ವರ್ಷದೊಳಗಿನವರಲ್ಲಿ ಸರಾಸರಿ 3.4 ಮಿ.ಮೀ.ನಷ್ಟು ಮೇಲಿನ ಬಾಚಿಹಲ್ಲು ಕಾಣುತ್ತಿತ್ತು. 30ರಿಂದ 40ರ ವಯಸ್ಸಿನಲ್ಲಿ ಅದು ಸುಮಾರು 1.6ಕ್ಕೆ ಇಳಿದಿತ್ತು, 60 ದಾಟಿದವರಲ್ಲಿ ಹೆಚ್ಚುಕಡಿಮೆ ಏನೂ ಕಾಣುತ್ತಿರಲಿಲ್ಲ. ತುಟಿ ನಿಜಕ್ಕೂ ಉದ್ದವಾಗಿದ್ದು, ಸಡಿಲವಾಗಿರುವಾಗ ಹಲ್ಲು ಕಾಣದಂತಾಗಿದ್ದರೆ ಲಿಪ್ ಲಿಫ್ಟ್ ಕೊಡುವ ಫಲ ಬೇರೆ ಯಾವ ಚಿಕಿತ್ಸೆಯಿಂದಲೂ ಅಷ್ಟು ನೇರವಾಗಿ ಸಿಗುವುದಿಲ್ಲ. ಆದರೆ 12 ಮಿ.ಮೀ. ಉದ್ದದ ತುಟಿಯಿಂದ 4 ಮಿ.ಮೀ. ತೆಗೆದರೆ ಮುಖ ಎಳೆಯದಾಗಿ ಕಾಣುವ ಬದಲು ಬಿಗಿದಂತೆ ಕಾಣುತ್ತದೆ, ಬಾಯಿ ಮುಚ್ಚಲು ಪ್ರಯತ್ನಪಡಬೇಕಾಗಬಹುದು, ನಕ್ಕಾಗ ವಸಡು ತೋರುತ್ತದೆ.

ಇಲ್ಲಿ ತುಟಿಗೆ ಚುಚ್ಚಿ ತುಂಬುವ ಫಿಲ್ಲರ್‌ನ ಮಾತು ಬರುತ್ತದೆ. ತೆಳು ತುಟಿ ಮತ್ತು ಉದ್ದ ತುಟಿ ಬೇರೆ ಬೇರೆ ಸಮಸ್ಯೆಗಳು. ಚಿಕಿತ್ಸೆಗೆ ಬರುವವರು ಮಾತ್ರ ಎರಡನ್ನೂ ಒಂದೇ ಅತೃಪ್ತಿಯಾಗಿ ಹೇಳಿಕೊಳ್ಳುತ್ತಾರೆ. ಹಯಲುರಾನಿಕ್ ಆಮ್ಲದ ಫಿಲ್ಲರ್ ತುಟಿಗೆ ತುಂಬುತನ ಕೊಡುತ್ತದೆ, ಉದ್ದವನ್ನು ಕಡಿಮೆ ಮಾಡುವುದಿಲ್ಲ. ಉದ್ದ ತುಟಿಗೆ ಮತ್ತೆ ಮತ್ತೆ ಚುಚ್ಚಿಸಿಕೊಂಡರೆ ಅದು ಭಾರವಾಗಿ ಮುಂದಕ್ಕೆ ಚಾಚಿಕೊಳ್ಳುತ್ತದೆ. ಹಾಗಿದ್ದರೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಖರ್ಚು ಮಾಡುವ ಬದಲು ಒಂದೇ ಸಲ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮುಗಿಸಬಾರದೇಕೆ ಎಂಬ ಆಕ್ಷೇಪಣೆ ಸಹಜ. ತುಟಿ ಉದ್ದವಾಗಿರುವವರ ಮಟ್ಟಿಗೆ ಈ ಲೆಕ್ಕ ಸರಿಯೇ. ತೆಳು ತುಟಿಯವರ ಮಟ್ಟಿಗೆ ಅದು ತಪ್ಪು, ಏಕೆಂದರೆ ಶಾಶ್ವತ ಎನ್ನುವ ಗುಣ ತಪ್ಪು ಚಿಕಿತ್ಸೆಗೂ ಅಂಟಿಕೊಳ್ಳುತ್ತದೆ. ಫಿಲ್ಲರ್ ಕೂಡ ನಿರಪಾಯವಲ್ಲ. ರಕ್ತನಾಳದೊಳಗೆ ಸೇರಿದರೆ ಚರ್ಮ ಸಾಯಬಹುದು. ಆದರೂ ಇಷ್ಟವಾಗದಿದ್ದರೆ ಹಯಲುರಾನಿಡೇಸ್ ಎಂಬ ಕಿಣ್ವದಿಂದ ಅದನ್ನು ಕರಗಿಸಬಹುದು. ಕತ್ತರಿಗೆ ಅಂಥ ಹಿಮ್ಮುಖ ದಾರಿಯಿಲ್ಲ.

ಹಲ್ಲು ಕಾಣದಿರುವುದಕ್ಕೆ ಎಲ್ಲ ಸಲವೂ ತುಟಿಯೇ ಕಾರಣವಲ್ಲ. ಹಲ್ಲು ಸವೆದು ಮೋಟಾಗಿದ್ದರೆ ದಂತವೈದ್ಯರ ಕೆಲಸ ಮೊದಲು. ಮೇಲ್ದವಡೆಯೇ ಉದ್ದವಾಗಿದ್ದು ನಕ್ಕಾಗ ಈಗಾಗಲೇ ವಸಡು ಕಾಣುವವರಿಗೆ ತುಟಿ ಎತ್ತಿದರೆ ಆ ತೊಂದರೆ ಹೆಚ್ಚುತ್ತದೆ. ಸೀಳುತುಟಿ ಹೊಲಿಸಿಕೊಂಡವರ ಸ್ಥಿತಿ ಇನ್ನೂ ಬೇರೆ. ಅಲ್ಲಿ ಹಳೆಯ ಕಲೆಯ ರಕ್ತಸಂಚಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಈ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಮೊಬೈಲಿನ ಮುಂಬದಿ ಕ್ಯಾಮೆರಾ. ಅಮೆರಿಕದ ಮುಖ ಶಸ್ತ್ರಚಿಕಿತ್ಸೆಯ ಪತ್ರಿಕೆಯೊಂದರಲ್ಲಿ 2018ರಲ್ಲಿ ಬಂದ ಲೆಕ್ಕಾಚಾರದ ಪ್ರಕಾರ, ಒಂದಡಿ ದೂರದಿಂದ ತೆಗೆದ ಚಿತ್ರದಲ್ಲಿ ಮೂಗು ಮುಖದ ಅಗಲಕ್ಕೆ ಹೋಲಿಸಿದಾಗ ಸುಮಾರು 30 ಪ್ರತಿಶತ ದೊಡ್ಡದಾಗಿ ಕಾಣುತ್ತದೆ. ಮೂಗು ಹಿಗ್ಗಿ ತೋರುವ ಚಿತ್ರದಲ್ಲಿ ಮೂಗಿನಡಿಯ ಅಳತೆಯನ್ನೂ ನಂಬಲಾಗದು. ಸೆಲ್ಫಿಯಲ್ಲಿ ಕಂಡ ದೋಷವನ್ನು ಹಿಡಿದು ಶಸ್ತ್ರಕ್ರಿಯೆಯ ಮೇಜಿನವರೆಗೆ ಹೋಗುವ ಮೊದಲು, ನಾಲ್ಕೈದು ಅಡಿ ದೂರದಿಂದ ಬೇರೆಯವರು ತೆಗೆದ ಚಿತ್ರದಲ್ಲಿ ಆ ದೋಷ ಉಳಿದಿದೆಯೇ ಎಂದು ನೋಡಲೇಬೇಕು.

ಕಲೆಯ ಪ್ರಶ್ನೆಗೆ ಹೆಚ್ಚು ಗಮನ ಬೇಕು. ಗೆರೆ ಮೂಗಿನ ನೆರಳಿನಲ್ಲಿ ಅಡಗುತ್ತದೆ ಎಂದು ಸಮಾಧಾನ ಹೇಳುವುದು ವಾಡಿಕೆ, ಒಳ್ಳೆಯ ಕೈಯಲ್ಲಿ ಅದು ಬಹುಮಟ್ಟಿಗೆ ನಿಜವೂ ಹೌದು. ಆದರೆ ಮುಖದ ನಟ್ಟನಡುವೆ, ಎದುರಿಗೆ ಕುಳಿತವರ ಕಣ್ಣು ಬೀಳುವ ಜಾಗದಲ್ಲಿ ಇರುವ ಗೆರೆ ಇದು. ಮಾತು, ಊಟ, ನಗು ಎಲ್ಲವೂ ಅದನ್ನು ಕೆಳಕ್ಕೆ ಜಗ್ಗುತ್ತವೆ. ಹೊಲಿಗೆಯನ್ನು ವಾರದೊಳಗೆ ತೆಗೆದರೂ ಕಲೆ ಪಕ್ವವಾಗಲು ಆರು ತಿಂಗಳಿಂದ ಒಂದು ವರ್ಷ ಬೇಕು. ಅಷ್ಟು ದಿನ ಅದು ಕೆಂಪಾಗಿ, ಗಟ್ಟಿಯಾಗಿ ಇರಬಹುದು. ಎಳೆತ ಹೆಚ್ಚಾದರೆ ಹೊಳ್ಳೆಗಳ ಆಕಾರವೇ ಬದಲಾಗುತ್ತದೆ, ಗೆರೆ ಅಗಲವಾಗುತ್ತದೆ. ನಮ್ಮ ಕಡೆಯ ಗೋಧಿ ಮೈಬಣ್ಣ, ಕಪ್ಪು ಮೈಬಣ್ಣದವರಲ್ಲಿ ಗಾಯ ಮಾಗಿದ ಜಾಗ ಸುತ್ತಲಿನ ಚರ್ಮಕ್ಕಿಂತ ಕಪ್ಪಾಗುವ ಸಂಭವ ಹೆಚ್ಚು, ಬಿಸಿಲು ಅದನ್ನು ಇನ್ನೂ ಹೆಚ್ಚಿಸುತ್ತದೆ. ಕೀಲಾಯ್ಡ್ ಎಂಬ ಉಬ್ಬುಗಲೆ ಎದೆ, ಭುಜ, ಕಿವಿಯ ಹಾಲೆಗಳಲ್ಲಿ ಬರುವಷ್ಟು ಮುಖದ ನಡುಭಾಗದಲ್ಲಿ ಬಾರದು. ಆದರೂ ಕಿವಿ ಚುಚ್ಚಿಸಿದಲ್ಲಿ ದಪ್ಪ ಗಂಟು ಕಟ್ಟಿದವರು, ಹಳೆಯ ಗಾಯ ಉಬ್ಬಿ ನಿಂತವರು ಅದನ್ನು ವೈದ್ಯರಿಗೆ ತೋರಿಸದೆ ಮುಂದುವರಿಯಬಾರದು. ಬಿಳಿ ಚರ್ಮದವರ ‘ಮೊದಲು–ನಂತರ’ ಚಿತ್ರಗಳು ಗೋಧಿ, ಕಪ್ಪು ಮೈಬಣ್ಣದವರಿಗೆ ಪುರಾವೆಯಾಗುವುದಿಲ್ಲ. ತಮ್ಮದೇ ಮೈಬಣ್ಣದವರ, ಒಂದು ವರ್ಷ ಕಳೆದ ಮೇಲೆ ಹತ್ತಿರದಿಂದ ತೆಗೆದ ಚಿತ್ರಗಳನ್ನು ಕೇಳುವುದು ರೋಗಿಯ ಹಕ್ಕು. ಬೀಡಿ, ಸಿಗರೇಟು ಸೇದುವವರು ಗಾಯ ಮಾಯುವುದು ತಡವಾಗುತ್ತದೆಂದು ತಿಳಿದು ವಾರಗಳ ಮೊದಲೇ ನಿಲ್ಲಿಸಬೇಕು.

ನನ್ನ ದೇಹ ನನ್ನದು, ಮಿಲಿಮೀಟರ್ ಲೆಕ್ಕ ಹಿಡಿದು ಬೇಡವೆನ್ನಲು ಇನ್ನೊಬ್ಬರು ಯಾರು ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಣೆ. ಅದನ್ನು ತಳ್ಳಿಹಾಕುವಂತಿಲ್ಲ, ಸುಂದರವಾಗಿ ಕಾಣಬೇಕೆಂಬ ಬಯಕೆಯಲ್ಲಿ ನಾಚಬೇಕಾದದ್ದೇನೂ ಇಲ್ಲ. ಆದರೆ ಏನು ಸಿಗುತ್ತದೆ, ಏನು ಹೋಗುತ್ತದೆ ಎಂದು ತಿಳಿದಾಗ ಮಾತ್ರ ಒಪ್ಪಿಗೆಗೆ ಬೆಲೆ, ಅಳತೆ ಆ ತಿಳಿವಳಿಕೆಯ ಒಂದು ಭಾಗ. ಬೇರೆಯವರ ಕಣ್ಣಿಗೆ ಬೀಳದ ಕೊರತೆಯನ್ನೇ ದಿನವಿಡೀ ಕನ್ನಡಿಯಲ್ಲಿ ಹುಡುಕುತ್ತ ನರಳುವ ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಎಂಬ ಮಾನಸಿಕ ಕಾಯಿಲೆಯೊಂದಿದೆ. ಇಟಲಿಯ ವೈದ್ಯ ಎನ್ರಿಕೊ ಮೊರ್ಸೆಲ್ಲಿ 1891ರಲ್ಲೇ ಅದನ್ನು ವಿವರಿಸಿದ್ದರು. ಸಾಮಾನ್ಯ ಜನರಲ್ಲಿ ನೂರಕ್ಕೆ ಸುಮಾರು ಇಬ್ಬರಿಗೆ ಇರುವ ಇದು ಸೌಂದರ್ಯ ಚಿಕಿತ್ಸೆಗೆ ಬರುವವರಲ್ಲಿ ಇನ್ನೂ ಹೆಚ್ಚು ಕಂಡುಬರುತ್ತದೆ. ಶಸ್ತ್ರಚಿಕಿತ್ಸೆಯಿಂದ ಇವರ ಸಂಕಟ ಇಳಿಯುವುದು ಅಪರೂಪ. ಮನೋವೈದ್ಯರ ನೆರವಿನಿಂದ ಇಳಿಯುತ್ತದೆ. ಅಂಥವರಿಗೆ ಶಸ್ತ್ರಚಿಕಿತ್ಸೆ ಬೇಡ ಎನ್ನುವ ವೈದ್ಯರು ಅವರ ಸ್ವಾತಂತ್ರ್ಯ ಕಸಿಯುತ್ತಿಲ್ಲ, ತಮ್ಮ ಕರ್ತವ್ಯ ಮಾಡುತ್ತಿದ್ದಾರೆ.

ಆದ್ದರಿಂದ ಅಳೆದು ನೋಡಿದಾಗ ಉದ್ದವೆಂದು ಖಚಿತವಾದ ತುಟಿ, ಸರಿಯಿರುವ ದವಡೆ ಮತ್ತು ಹಲ್ಲು, ಚೆನ್ನಾಗಿ ಮಾಯುವ ಚರ್ಮ, ಮುಖದ ನಡುವೆ ಒಂದು ಗೆರೆಯನ್ನು ಜೀವನಪೂರ್ತಿ ಒಪ್ಪಿಕೊಳ್ಳುವ ಮನಸ್ಸು, ಇಷ್ಟೂ ಇರುವವರಿಗೆ ಲಿಪ್ ಲಿಫ್ಟ್ ಒಳ್ಳೆಯ ಚಿಕಿತ್ಸೆ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಕಾಯುವುದು ಮೇಲು. ಕಾದರೆ ನಷ್ಟವೇನೂ ಇಲ್ಲ, ತುಟಿ ಇನ್ನೆರಡು ವರ್ಷ ಬಿಟ್ಟರೂ ಚಿಕಿತ್ಸೆಗೆ ಸಿಗುತ್ತದೆ. ಭಾರತದಲ್ಲಿ ಇದರ ವೆಚ್ಚವನ್ನು ಆರೋಗ್ಯ ವಿಮೆ ಭರಿಸುವುದಿಲ್ಲ; ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನರ್ರಚನೆಗೆ ಸಿಗುವ ವಿನಾಯಿತಿ ಬರಿಯ ಸೌಂದರ್ಯ ಚಿಕಿತ್ಸೆಗಿಲ್ಲ. ಇತರ ವೈದ್ಯಸೇವೆಗಳಿಗಿರುವ ಜಿಎಸ್‌ಟಿ ರಿಯಾಯಿತಿಯೂ ಅನ್ವಯಿಸದು. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಅದಕ್ಕೆ ಸಮಾನವಾದ ಪದವಿ ಪಡೆದವರೇ ಕತ್ತರಿ ಹಿಡಿಯುತ್ತಾರೆಯೇ ಎಂದು ನೇರವಾಗಿ ಕೇಳಿ. ಅವರ ಹೆಸರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಾಗಲಿ ಬೇರೆ ರಾಜ್ಯದ ಪರಿಷತ್ತಿನಲ್ಲಾಗಲಿ ನೋಂದಣಿಯಾಗಿದೆಯೇ ಎಂದು ನೋಡಿ. ಎಷ್ಟು ಮಿಲಿಮೀಟರ್ ತೆಗೆಯುತ್ತಾರೆ, ಎಷ್ಟು ಉಳಿಸುತ್ತಾರೆ ಎಂಬುದನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ.